ಹೆಗಲ ಮೇಲಿನ ಕೈ

ಕಬ್ಬಿಣದ ಬಾಗಿಲು ಅರ್ಧ ತೆರೆದು ಅಲ್ಲೇ ಹಟ ಹಿಡಿದು ನಿಂತಿತು. ಹವಾಲ್ದಾರ್ ಭೂತಪ್ಪ ಹೆಗಲು ಕೊಟ್ಟು ತಳ್ಳಿದ ಮೇಲೆ ಉಳಿದರ್ಧವೂ ಬಿಟ್ಟುಕೊಂಡಿತು. ಒಳಗಿನಿಂದ ಸುಣ್ಣ, ಸೀಮೆಎಣ್ಣೆ, ಹಳೆಯ ಚರ್ಮ ಎಲ್ಲ ಬೆರೆತ ತಣ್ಣನೆಯ ವಾಸನೆ ಬಂತು.

“ತಲೆ ಜೋಪಾನ ಸಾಹೇಬ್ರೇ. ಇದನ್ನ ಕಟ್ಟಿಸಿದ ಮೇಜರು ಕುಳ್ಳಗಿದ್ರು. ಎಲ್ಲರೂ ತಮ್ಮ ಹಾಗೇ ಅಂದ್ಕೊಂಡ್ರು.”

ಷಡಕ್ಷರಪ್ಪ ತಲೆ ತಗ್ಗಿಸಿ ಒಳಗೆ ಕಾಲಿಟ್ಟ. ಹಿಂದೆಯೇ ಅವನ ಹೆಂಡತಿ ಜಗದಾಂಬಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುತ್ತಿಯ ಚೀಲವನ್ನು ಎದೆಗವಚಿಕೊಂಡು ಬಂದಳು. ಗುಡ್ಡ ಹತ್ತಿದ ಏದುಸಿರು ಇಬ್ಬರಿಗೂ ಇನ್ನೂ ಇಳಿದಿರಲಿಲ್ಲ.

ಸರ್ಕಲ್ ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತನಾಗಿ ಮೂರು ವರ್ಷ ಕಳೆದಿದ್ದರೂ ಷಡಕ್ಷರಪ್ಪ ಒಬ್ಬನೇ ಎಲ್ಲಿಗೆ ಹೋದರೂ ಜನ ಅವನನ್ನು ಪೊಲೀಸನೆಂದೇ ಗುರುತಿಸುತ್ತಿದ್ದರು. ನಿಲುವು ಅಂಥದ್ದು. ಜೊತೆಗೆ ಹೆಂಡತಿ, ಹೆಂಡತಿಯ ಕೈಯಲ್ಲೊಂದು ಬುತ್ತಿಚೀಲ ಇದ್ದುಬಿಟ್ಟರೆ ಅದೇ ಮನುಷ್ಯ ಊರು ನೋಡಲು ಹೊರಟ ಸಂಸಾರಿಯಾಗಿ ಕಾಣುತ್ತಿದ್ದ. ಅದಕ್ಕೇ ಆ ಸೋಮವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ರೈಲು ಹತ್ತುವಾಗ ಜಗದಾಂಬಾಳನ್ನೂ ಹೊರಡಿಸಿದ್ದ. ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಸಲ ಗಂಡ ತನ್ನನ್ನು ಡ್ಯೂಟಿಗೆ ಕರೆದುಕೊಂಡು ಹೋಗುತ್ತಿದ್ದಾನೆ ಎಂದು ಅವಳು ದಾರಿಯುದ್ದಕ್ಕೂ ನಕ್ಕಿದ್ದಳು.

ಫೋಟೋಗ್ರಾಫರ್ ಶಿವರಾಮ ತುಂಗೆಯ ಮೆಟ್ಟಿಲ ಬಳಿ ಹೆಣವಾಗಿ ಸಿಕ್ಕಿ ಅಂದಿಗೆ ಹನ್ನೊಂದು ದಿನ. ಕಾಲು ಜಾರಿ ಬಿದ್ದದ್ದು ಎಂದು ಪೊಲೀಸರು ಬರೆದು ಮುಗಿಸಿದ್ದರು. ಹುಟ್ಟಿದಾಗಿನಿಂದ ಹೊಳೆಯಲ್ಲಿ ಈಜಿದ ಮನುಷ್ಯ ಮೊಳಕಾಲುದ್ದದ ನೀರಿನಲ್ಲಿ ಹೇಗೆ ಸಾಯುತ್ತಾನೆ ಎಂದು ಅವನ ಹೆಂಡತಿ ಸೀತಾ ಷಡಕ್ಷರಪ್ಪನ ಮನೆಯ ಜಗುಲಿಯಲ್ಲಿ ಕೂತು ಕೇಳಿದ್ದಳು. ಅವಳು ತಂದುಕೊಟ್ಟ ಸ್ಟುಡಿಯೋ ಪುಸ್ತಕದಲ್ಲಿ ಶಿವರಾಮನ ಕೈಬರಹದ ಕೊನೆಯ ಸಾಲು ಹೀಗಿತ್ತು: “ಭದ್ರಾವತಿ ಫಿರಂಗಿಗುಡ್ಡದ ಗುಂಪು ಫೋಟೋ. ಏಳು ಜನ. ನಕಲು ಒಂದು.”

ಆ ಸಾಲೇ ಅವರಿಬ್ಬರನ್ನು ಇಲ್ಲಿಗೆ ತಂದಿತ್ತು.

ಫಿರಂಗಿಗುಡ್ಡದಲ್ಲಿ ಈಗ ಫಿರಂಗಿ ಇರಲಿಲ್ಲ. ಮಹಾಯುದ್ಧದ ಕಾಲದಲ್ಲಿ, ಜಪಾನಿನ ವಿಮಾನಗಳು ಬಂದು ಕೆಳಗಿನ ಕಬ್ಬಿಣದ ಕಾರ್ಖಾನೆಯ ಮೇಲೆ ಬಾಂಬು ಹಾಕಿಯಾವೆಂಬ ಭಯಕ್ಕೆ ಸರ್ಕಾರ ಈ ನೆತ್ತಿಯ ಮೇಲೆ ಎರಡು ತೋಪು ನಿಲ್ಲಿಸಿ, ಪಕ್ಕದಲ್ಲಿ ಅರ್ಧ ನೆಲದೊಳಗೆ ಹೂತಂತೆ ಈ ಕಾಂಕ್ರೀಟು ಬಂಕರನ್ನು ಕಟ್ಟಿಸಿತ್ತು. ವಿಮಾನ ಬರಲೇ ಇಲ್ಲ. ಯುದ್ಧ ಮುಗಿಯಿತು, ತೋಪುಗಳು ಲಾರಿ ಹತ್ತಿದವು, ಸಿಪಾಯಿಗಳು ಊರು ಸೇರಿದರು. ಭೂತಪ್ಪ ಒಬ್ಬ ಮಾತ್ರ ಓಲ್ಡ್ ಟೌನಿನಲ್ಲಿ ಮನೆ ಮಾಡಿಕೊಂಡು, ಬಿಟ್ಟುಹೋದ ಸಾಮಾನುಗಳನ್ನು ಒಂದೊಂದಾಗಿ ಕೂಡಿಸಿ, ಒರೆಸಿ, ಹೆಸರಿನ ಚೀಟಿ ಅಂಟಿಸಿ ಇಟ್ಟ. ಹೊರಗೆ ತಾನೇ ಬರೆದು ತೂಗುಹಾಕಿದ ಹಲಗೆ ಇತ್ತು: ಯುದ್ಧವಸ್ತು ಸಂಗ್ರಹಾಲಯ, ಸೋಮವಾರ ಮತ್ತು ಶನಿವಾರ.

ಐವತ್ತು ದಾಟಿದ, ಬೆನ್ನು ಇನ್ನೂ ಬಾಗದ ಆಳು. ಖಾಕಿ ಅಂಗಿಗೆ ಇಸ್ತ್ರಿ ಹಾಕಿಕೊಂಡಿದ್ದ. ನೋಡುವವರು ಇಬ್ಬರೇ ಇದ್ದರೂ ಶಾಲೆಯ ಮಕ್ಕಳು ಇಡೀ ಸಾಲಾಗಿ ಬಂದಂತೆ ಗಂಟಲು ಸರಿಮಾಡಿಕೊಂಡು ವಿವರಿಸತೊಡಗಿದ.

ಇದು ಕೈಯಲ್ಲಿ ತಿರುಗಿಸುವ ಸೈರನ್ನು, ಕೂಗಿದರೆ ಕುಂಸಿಯವರೆಗೂ ಕೇಳುತ್ತಿತ್ತೆಂದು ಜನ ಹೇಳುತ್ತಿದ್ದರು, ತಾನಂತೂ ನಂಬಿಲ್ಲ ಎಂದ. ಇದು ವಿಷದ ಹೊಗೆಗೆ ಹಾಕಿಕೊಳ್ಳುವ ಮುಖವಾಡ. ಇದು ತೋಪಿನ ಪಕ್ಕದಿಂದ ಕಾರ್ಖಾನೆಗೆ ಮಾತಾಡುವ ಫೋನು. ಸೂರಿನಿಂದ ದಾರದಲ್ಲಿ ಇಳಿಬಿಟ್ಟ ಕಪ್ಪು ಬಣ್ಣದ ಮರದ ವಿಮಾನಗಳು ಗಾಳಿಗೆ ಮೆಲ್ಲಗೆ ತಿರುಗುತ್ತಿದ್ದವು. ಶತ್ರುವಿನದು ಯಾವುದು, ನಮ್ಮದು ಯಾವುದು ಎಂದು ಸಿಪಾಯಿಗಳು ಕೆಳಗೆ ಮಲಗಿ ಕಲಿಯುತ್ತಿದ್ದರಂತೆ.

ಗೋಡೆಯ ಮೇಲೆ ಕನ್ನಡದಲ್ಲಿ ಅಚ್ಚಾದ ಒಂದು ಸರ್ಕಾರಿ ಪ್ರಕಟಣೆ ಇತ್ತು. ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಬೇಕು, ಬೆಳಕು ಹೊರಗೆ ಬೀಳಬಾರದು. ಜಗದಾಂಬಾ ಅದನ್ನು ಓದುತ್ತ ನಿಂತುಬಿಟ್ಟಳು. ಎರಡನೆಯ ಮಗಳನ್ನು ಹೆತ್ತದ್ದು ಅಂಥ ಕಪ್ಪು ಕಾಗದದ ಕೋಣೆಯಲ್ಲೇ, ಸೂಲಗಿತ್ತಿ ಬೆಳಕಿಲ್ಲವೆಂದು ಬೈದುಕೊಂಡೇ ಕೆಲಸ ಮಾಡಿದ್ದಳು ಎಂದು ಹೇಳಿದಳು. ಭೂತಪ್ಪ ಅದನ್ನು ಬಹಳ ಆಸ್ಥೆಯಿಂದ ಕೇಳಿಸಿಕೊಂಡ. ಬಂದವರು ಹೀಗೆ ಏನಾದರೂ ನೆನಪು ಮಾಡಿಕೊಂಡರೆ ತನಗೆ ಈ ಜಾಗ ಕಾದದ್ದು ಸಾರ್ಥಕ ಎನ್ನಿಸುತ್ತದೆ ಎಂದ.

ಷಡಕ್ಷರಪ್ಪನಿಗೆ ಆ ಮನುಷ್ಯ ಇಷ್ಟವಾಗತೊಡಗಿದ್ದ. ಅದು ಅವನಿಗೆ ಅಷ್ಟು ಹಿಡಿಸಲಿಲ್ಲ. ಇಷ್ಟವಾದವರನ್ನು ಪ್ರಶ್ನೆ ಮಾಡುವುದು ಯಾವತ್ತೂ ಕಷ್ಟ.

“ಇಲ್ಲಿ ಎಷ್ಟು ಜನ ಇದ್ರಿ?” ಎಂದು ಜಗದಾಂಬಾ ಕೇಳಿದಳು.

“ಎರಡೂ ತೋಪು ಸೇರಿ ಹದಿನೆಂಟು ಜನ ಅಮ್ಮಾವ್ರೇ.”

“ಹದಿನೆಂಟು ಜನಕ್ಕೆ ಅಡಿಗೆ, ಸ್ನಾನ, ಬಟ್ಟೆ. ಗುಡ್ಡದ ಮೇಲೆ ಬಾವಿ ಕಾಣ್ಲಿಲ್ಲ. ನೀರು ಯಾರು ಹೊತ್ಕೊಂಡು ಬರ್ತಿದ್ರು?”

ಭೂತಪ್ಪ ಶೆಲ್ಲಿನ ಹಿತ್ತಾಳೆ ಕೊಳವೆಯೊಂದನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದ. ಅದು ಮೊದಲೇ ಹೊಳೆಯುತ್ತಿತ್ತು.

“ಯಾರೋ ಕೂಲಿಯವನು ಅಮ್ಮಾವ್ರೇ. ಹೆಸರು ಈಗ ನೆನಪಿಲ್ಲ.”

ಎರಡೂ ತೋಪುಗಳ ನಂಬರು, ಮೇಜರನ ಕುದುರೆಯ ಬಣ್ಣ, ಮೊದಲ ಶೆಲ್ಲು ಬಂದ ತಾರೀಖು ಎಲ್ಲವನ್ನೂ ಈಗಷ್ಟೇ ಒಪ್ಪಿಸಿದ್ದವನಿಗೆ ದಿನಾ ನೀರು ತರುತ್ತಿದ್ದವನ ಹೆಸರು ಮರೆತಿತ್ತು. ಷಡಕ್ಷರಪ್ಪ ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡ, ಅಷ್ಟೆ.

ಗುಂಪಿನ ಫೋಟೋ ಕೊನೆಯ ಗೋಡೆಯಲ್ಲಿತ್ತು.

ಮೊಳದಗಲದ ಚೌಕಟ್ಟು. ಒಳಗೆ ತೋಪಿನ ಮುಂದೆ ಸಾಲಾಗಿ ನಿಂತ ಯುವಕರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡವರು. ಎಡದ ತುದಿಯಲ್ಲಿ ಮೀಸೆ ಹೊತ್ತ ಭೂತಪ್ಪನನ್ನು ಸುಲಭವಾಗಿ ಗುರುತಿಸಬಹುದಿತ್ತು. ಷಡಕ್ಷರಪ್ಪ ಒಂದೊಂದೇ ತಲೆ ಎಣಿಸಿದ. ಆರು.

ಶಿವರಾಮ ಬರೆದದ್ದು ಏಳು. ಮದುವೆಮನೆಯ ಗುಂಪು ಫೋಟೋಗಳನ್ನು ತೆಗೆದು ಹೊಟ್ಟೆ ಹೊರೆದವನು ತಲೆ ಎಣಿಸುವುದರಲ್ಲಿ ತಪ್ಪುವುದಿಲ್ಲ.

ಅವನು ಇನ್ನೊಮ್ಮೆ ಎಣಿಸುತ್ತಿದ್ದಾಗ ಜಗದಾಂಬಾ ಪಕ್ಕಕ್ಕೆ ಬಂದು ಕನ್ನಡಕ ಏರಿಸಿಕೊಂಡು ನೋಡಿದಳು. ಅವಳು ತಲೆ ಎಣಿಸಲಿಲ್ಲ. ಬಟ್ಟೆ ನೋಡಿದಳು, ಬೂಟು ನೋಡಿದಳು, ಆಮೇಲೆ ಬಲಗಡೆಯ ಕೊನೆಯವನ ಹತ್ತಿರ ಬೆರಳು ತಂದಳು.

“ನೋಡಿ ಇಲ್ಲಿ. ಇವನ ಹೆಗಲ ಮೇಲೆ ಕೈ ಇಟ್ಟಿರೋದು ಯಾರು?”

“ಪಕ್ಕದವನು.”

“ಪಕ್ಕದವನ ಎರಡೂ ಕೈ ಬೆಲ್ಟಿನ ಮೇಲಿದೆ ಮಾರಾಯ್ರೆ. ಸರಿಯಾಗಿ ನೋಡಿ.”

ಷಡಕ್ಷರಪ್ಪ ಬಗ್ಗಿದ. ನಿಜ. ಕೊನೆಯವನ ಕತ್ತಿನ ಹಿಂದಿನಿಂದ ಬಂದ ಕೈಯೊಂದು ಅವನ ಹೆಗಲನ್ನು ಸಲಿಗೆಯಿಂದ ಹಿಡಿದಿತ್ತು. ಕೈಗೆ ಒಡೆಯನಿರಲಿಲ್ಲ. ಕೊನೆಯವನ ಪಕ್ಕ ಚೌಕಟ್ಟಿನ ಮರ ಬಂದುಬಿಟ್ಟಿತ್ತು. ಆ ಕೈಯ ಕಿರುಬೆರಳು ಅರ್ಧಕ್ಕೇ ನಿಂತಿತ್ತು.

ಚೌಕಟ್ಟಿನ ಸುತ್ತ ಗೋಡೆಯ ಮೇಲೆ ಮಾಸದ ಸುಣ್ಣದ ಪಟ್ಟಿ ಬಲಗಡೆಗೆ ನಾಲ್ಕು ಬೆರಳು ಹೆಚ್ಚಿಗೆ ಕಾಣುತ್ತಿತ್ತು. ಮೊದಲಿದ್ದ ಚೌಕಟ್ಟು ಇದಕ್ಕಿಂತ ಅಗಲವಾಗಿತ್ತು. ಮೂಲೆಗಳ ಮೊಳೆ ಹೊಸವು, ಇನ್ನೂ ಮಳೆಗಾಲ ಕಂಡಿರದವು.

ಅವನು ಹೆಂಡತಿಯ ಕಡೆ ನೋಡಿದ. ಮೂವತ್ತು ವರ್ಷದಲ್ಲಿ ಅವಳಿಗೆ ಆ ನೋಟ ಚೆನ್ನಾಗಿ ಗೊತ್ತಿತ್ತು. ಒಳಗೆ ಸೆಕೆಯೆಂದು ಹೇಳಿ, ಹೊರಗಿನ ಮರದ ನೆರಳಿನಲ್ಲಿ ಕೂತಿರುತ್ತೇನೆಂದು ಬುತ್ತಿಚೀಲದ ಜೊತೆ ಹೊರಟುಹೋದಳು.

ಷಡಕ್ಷರಪ್ಪ ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತ. ನಿಂತು ಪ್ರಶ್ನೆ ಕೇಳುವುದನ್ನು ಅವನು ಸರ್ವಿಸಿನ ಮೊದಲ ವರ್ಷದಲ್ಲೇ ಬಿಟ್ಟಿದ್ದ.

“ಹವಾಲ್ದಾರ್ರೇ, ಈ ಫೋಟೋದಲ್ಲಿ ಎಷ್ಟು ಜನ ಇದ್ದೀರಿ?”

“ಆರು ಜನ. ಒಂದನೇ ತೋಪಿನ ತುಕಡಿ.”

“ಏಳನೆಯವನ ಕೈ ಉಳ್ಕೊಂಡಿದೆ.”

ಭೂತಪ್ಪ ಫೋಟೋದ ಕಡೆ ತಿರುಗಿಯೂ ನೋಡಲಿಲ್ಲ. ಕೈ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಆ ತುದಿಯನ್ನು ಹುಳ ತಿಂದುಬಿಟ್ಟಿತ್ತು, ಕೆಟ್ಟದ್ದನ್ನು ಕತ್ತರಿಸಿ ಉಳಿದದ್ದಕ್ಕೆ ಬೇರೆ ಚೌಕಟ್ಟು ಹಾಕಿಸಿದೆ ಎಂದ.

“ಹುಳ ಸ್ಕೇಲು ಇಟ್ಟು ತಿನ್ನೋದಿಲ್ಲ.”

ಮೇಲೆ ಮರದ ವಿಮಾನವೊಂದು ಪೂರ್ತಿ ಒಂದು ಸುತ್ತು ತಿರುಗಿ ನಿಂತಿತು.

ಆಮೇಲೆ ಷಡಕ್ಷರಪ್ಪ ತಾನು ಯಾರೆಂದು ಹೇಳಿದ. ಪೊಲೀಸಿನಲ್ಲಿದ್ದೆ, ಈಗ ಇಲ್ಲ, ಯಾರನ್ನೂ ಹಿಡಿಯುವ ಅಧಿಕಾರ ತನಗಿಲ್ಲ ಎಂದ. ಶಿವರಾಮನ ಹೆಂಡತಿ ಕಳಿಸಿದ್ದಾಳೆ, ಗಂಡ ಹೇಗೆ ಸತ್ತ ಎಂದು ತಿಳಿದರೆ ಸಾಕು ಎನ್ನುತ್ತಾಳೆ ಎಂದ. ಕಡೆಗೆ, ಪೊಲೀಸರ ಮುಂದೆ ಇದೇ ಮಾತು ಬರುವುದಕ್ಕೆ ಮೊದಲು ತನ್ನ ಮುಂದೆ ಬಂದರೆ ಭೂತಪ್ಪನಿಗೇ ಒಳ್ಳೆಯದು ಎಂದೂ ಸೇರಿಸಿದ.

ಭೂತಪ್ಪ ಕಡೆಗೆ ಗೋಡೆಯ ಗೂಟದಿಂದ ಒಂದು ಹೆಲ್ಮೆಟ್ಟನ್ನು ಇಳಿಸಿ, ಒಳಗಿನ ಚರ್ಮದ ಪಟ್ಟಿಯ ಹಿಂದೆ ಬೆರಳು ತೂರಿಸಿ, ನಾಲ್ಕು ಬೆರಳಗಲದ ಒಂದು ತುಂಡನ್ನು ಹೊರಗೆಳೆದ. ಷಡಕ್ಷರಪ್ಪ ಎದ್ದು ಅದನ್ನು ಚೌಕಟ್ಟಿನ ಪಕ್ಕಕ್ಕೆ ಹಿಡಿದ. ಕೈಗೆ ತೋಳು ಸಿಕ್ಕಿತು, ತೋಳಿಗೆ ಮನುಷ್ಯ ಸಿಕ್ಕಿದ.

ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಉದ್ದ ಮೂಗು, ತೆಳು ದೇಹ. ಎಲ್ಲರೂ ಬಿಗಿಯಾಗಿ ನಿಂತಿರುವಾಗ ಅವನೊಬ್ಬ ಪಕ್ಕದವನಿಗೆ ಏನೋ ಹೇಳಿ ನಗಿಸುತ್ತಿದ್ದವನಂತೆ ಅರ್ಧ ತಿರುಗಿ ನಿಂತಿದ್ದ. ಷಡಕ್ಷರಪ್ಪ ಈ ಮುಖವನ್ನು ಎಂದೂ ಕಂಡಿರಲಿಲ್ಲ.

“ಯಾರಿವನು?”

“ನರಸಿಂಹಮೂರ್ತಿ. ಫೋನು ನೋಡ್ಕೊಳ್ತಿದ್ದ. ತೀರ್ಥಹಳ್ಳಿ ಕಡೆ ಪುರೋಹಿತರ ಮಗ, ಅಪ್ಪನ ಹತ್ರ ಜಗಳ ಆಡ್ಕೊಂಡು ಮಿಲಿಟರಿ ಸೇರಿದ್ದ. ಬಂದ ಮೊದಲನೇ ತಿಂಗಳೇ ಶೆಲ್ಲು ತುಂಬೋ ತೋಪಿನ ಬಾಗಿಲಿಗೆ ಕೈ ಸಿಕ್ಕಿಸಿ ಅರ್ಧ ಬೆರಳು ಕಳ್ಕೊಂಡ.” ಭೂತಪ್ಪ ತುಂಡನ್ನು ಹಿಂದಕ್ಕೆ ತೆಗೆದುಕೊಂಡ. “ಈ ಗುಡ್ಡದ ಮೇಲೆ ಸತ್ತವನು ಅವನೊಬ್ಬನೇ ಸಾಹೇಬ್ರೇ. ಹಿಂದುಗಡೆ ಕಲ್ಲು ಇದೆ.”

ಆಮೇಲೆ ಅವನು ಹೇಳಿದ್ದು ಇಷ್ಟು.

ನಲವತ್ಮೂರನೇ ಇಸವಿಯ ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಮದ್ದುಮನೆ ಸಿಡಿಯಿತು. ಶತ್ರುವಿನ ಕೈವಾಡವಲ್ಲ, ಬಿಸಿಲಿಗೋ ಬೀಡಿಯ ಕಿಡಿಗೋ ಇಂದಿಗೂ ಗೊತ್ತಿಲ್ಲ. ಆ ದಿನ ಮದ್ದುಮನೆಯ ಬೀಗದ ಕೈ ಭೂತಪ್ಪನ ಹತ್ತಿರವಿತ್ತು. ಬೀಗ ಹಾಕಿದ್ದೆನೋ ಇಲ್ಲವೋ ಎಂದು ಅಂದಿನಿಂದ ದಿನಾ ಯೋಚಿಸಿದ್ದೇನೆ ಎಂದ. ಬೆಂಕಿ ಆರಿದ ಮೇಲೆ ಒಳಗೆ ಒಂದು ದೇಹ ಸಿಕ್ಕಿತು. ಮುಖ ಇರಲಿಲ್ಲ, ಬಟ್ಟೆ ಇರಲಿಲ್ಲ. ಮೇಜರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದ. ಒಬ್ಬ ಕಡಿಮೆ ಬಿದ್ದ. ನರಸಿಂಹಮೂರ್ತಿ.

“ದೇಹ ಗುರುತಿಸಿ ರುಜು ಮಾಡಿದವರು ಯಾರು?”

“ನಾನೇ.”

“ಏನು ನೋಡಿ ಗುರುತಿಸಿದ್ರಿ?”

ಭೂತಪ್ಪನಿಗೆ ಉತ್ತರ ಕೊಡಲು ಹೊತ್ತು ಹಿಡಿಯಿತು.

“ಹಾಜರಿ ಪಟ್ಟಿ ನೋಡಿ,” ಎಂದ.

ಹದಿನೆಂಟು ವರ್ಷದ ಮೇಲೆ ಶಿವರಾಮ ಬಂದ. ಫೋಟೋ ಮಾಸುತ್ತಿದೆ, ಒಂದು ನಕಲು ಮಾಡಿಕೊಡಿ ಎಂದು ಭೂತಪ್ಪನೇ ಕಾಗದ ಬರೆದಿದ್ದ. ಅದು ಶಿವರಾಮ ಸಾಯುವುದಕ್ಕೆ ಐದು ದಿನ ಮೊದಲು, ಶನಿವಾರ. ಬಾಗಿಲ ಬೆಳಕಿಗೆ ಫೋಟೋ ಹಿಡಿದವನು ಏಳನೆಯ ಮುಖದ ಹತ್ತಿರ ನಿಂತುಬಿಟ್ಟ. ಈ ಮನುಷ್ಯನ ಫೋಟೋವನ್ನು ಹೋದ ತಿಂಗಳು ನನ್ನ ಸ್ಟುಡಿಯೋದಲ್ಲಿ ನಾನೇ ತೆಗೆದಿದ್ದೇನೆ ಎಂದ. ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆಯದೆ ಕೂತಿದ್ದನಂತೆ, ಭುಜ ಸರಿಮಾಡಲು ಹೋದಾಗ ಅರ್ಧ ಬೆರಳು ಕಣ್ಣಿಗೆ ಬಿದ್ದಿತ್ತಂತೆ. ಭೂತಪ್ಪ ನಕ್ಕುಬಿಟ್ಟ. ಆ ಮನುಷ್ಯನನ್ನು ನಾನೇ ಮಣ್ಣು ಮಾಡಿದ್ದೇನೆ ಎಂದ. ಹಾಗಾದರೆ ಆ ಫೋಟೋ ತಂದು ತೋರಿಸುತ್ತೇನೆ ಎಂದು ಹೇಳಿ ಶಿವರಾಮ ಗುಡ್ಡ ಇಳಿದ.

“ಆಮೇಲೆ?”

“ಆಮೇಲೆ ಬರಲಿಲ್ಲ. ಪೇಪರಿನಲ್ಲಿ ಸಾವಿನ ಸುದ್ದಿ ಓದಿದೆ. ಈ ಮುಖ ನೋಡಿದ್ದಕ್ಕೇ ಅವರು ಸತ್ರು ಅನ್ನಿಸ್ತು. ಗೋಡೆ ಮೇಲೆ ಇದ್ದರೆ ಮುಂದೆ ನಾನು. ಅದಕ್ಕೇ ಕತ್ತರಿಸಿದೆ.”

“ಅವರು ಬಂದದ್ದು ಒಂದೇ ಸಲವಾ?”

“ಒಂದೇ ಸಲ.”

“ಆ ಮನುಷ್ಯ ಈಗ ಯಾವ ಹೆಸರಿನಲ್ಲಿ, ಎಲ್ಲಿದ್ದಾನೆ ಅಂತ ಹೇಳಿದ್ರಾ?”

“ಇಲ್ಲ ಸಾಹೇಬ್ರೇ.”

ಎರಡು ಉತ್ತರವೂ ಪ್ರಶ್ನೆ ಮುಗಿಯುವ ಮೊದಲೇ ಬಂದಿದ್ದವು. ಹಾಜರಿ ಪಟ್ಟಿ ಎನ್ನಲು ಅಷ್ಟು ಹೊತ್ತು ತೆಗೆದುಕೊಂಡವನ ಬಾಯಿಯಿಂದ. ನಿಜ ಹೇಳುವವನು ತಡವರಿಸುತ್ತಾನೆ, ಸುಳ್ಳಿಗೆ ತಯಾರಿ ಮೊದಲೇ ಆಗಿರುತ್ತದೆ. ಷಡಕ್ಷರಪ್ಪ ಕಲ್ಲು ನೋಡಿ ಬರುತ್ತೇನೆಂದು ಎದ್ದ. ತುಂಡು ತನ್ನ ಹತ್ತಿರ ಇರಲೆಂದು ಕೈ ಚಾಚಿದ. ಭೂತಪ್ಪ ಒಂದು ಕ್ಷಣ ಹಿಂದೆಮುಂದೆ ನೋಡಿ ಕೊಟ್ಟ.

ಹೊರಗಿನ ಬಿಸಿಲಿಗೆ ಕಣ್ಣು ಕತ್ತಲಿಟ್ಟವು. ಕೆಳಗೆ ಕಾರ್ಖಾನೆಯ ಹೊಗೆಕೊಳವೆಗಳು, ಅದರಾಚೆ ಭದ್ರೆಯ ಒಂದು ಬಾಗು. ಬಂಕರಿನ ಬೆನ್ನಿಗೆ ಬಳಸಿ ಹೋದರೆ ನೆಲ ಸ್ವಲ್ಪ ತಗ್ಗುತ್ತಿತ್ತು. ಅಲ್ಲಿಂದ ಬಾಗಿಲು ಕಾಣುತ್ತಿರಲಿಲ್ಲ.

ತಗ್ಗಿನಲ್ಲಿ, ಮತ್ತಿಮರದ ಕೆಳಗೆ, ಮೊಳದೆತ್ತರದ ಕಲ್ಲು. ಅದರ ಮೇಲೆ ನರಸಿಂಹಮೂರ್ತಿಯ ಹೆಸರು, ಇಸವಿ. ಕಲ್ಲಿನ ಸುತ್ತ ನೆಲವನ್ನು ಈಗಷ್ಟೇ ಗುಡಿಸಿದ್ದರು, ಪೊರಕೆಯ ಗೆರೆ ಹಸಿಯಾಗಿತ್ತು. ಕಲ್ಲಿನ ತಲೆಯ ಮೇಲೆ ನಾಲ್ಕು ಕಣಗಿಲೆ ಹೂವು.

ಪಕ್ಕದಲ್ಲಿ ಜಗದಾಂಬಾ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಅವಳೆದುರು ಒಬ್ಬ ಮುದುಕಿ ಮುತ್ತುಗದೆಲೆಯ ಮೇಲೆ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ ಹಾಕಿಸಿಕೊಂಡು ನಿಧಾನವಾಗಿ ತಿನ್ನುತ್ತಿದ್ದಳು. ಪೊರಕೆ ತೊಡೆಯ ಹತ್ತಿರವಿತ್ತು. ಗಂಡ ಬಂದದ್ದು ಕಂಡು ಜಗದಾಂಬಾ ಕಣ್ಣಿನಲ್ಲೇ ಕೂತುಕೊಳ್ಳಿ ಎಂದಳು. ಅವನು ಕೂತ. ಮೊಣಕಾಲು ಲಟಕ್ಕೆಂದಿತು.

“ಇವರು ಕಾಳಮ್ಮ,” ಎಂದಳು ಜಗದಾಂಬಾ, ಎಷ್ಟೋ ಕಾಲದಿಂದ ಬಲ್ಲ ನೆಂಟರನ್ನು ಪರಿಚಯಿಸುವ ಹಾಗೆ. “ಗುಡ್ಡದ ಕೆಳಗಿನ ಹಟ್ಟಿಯವರು. ಪ್ರತಿ ಸೋಮವಾರ, ಶನಿವಾರ ಬಂದು ಈ ಕಲ್ಲು ಗುಡಿಸ್ತಾರೆ. ಹದಿನೆಂಟು ವರ್ಷದಿಂದ. ಕಾಳಮ್ಮ, ಈಗ ನನಗೆ ಹೇಳಿದ್ದನ್ನೇ ಇವರಿಗೂ ಹೇಳಿ. ನಮ್ಮ ಯಜಮಾನ್ರೇ.”

ಮುದುಕಿ ಎಲೆಯ ಮೇಲಿನಿಂದ ಕಣ್ಣೆತ್ತಿ ಷಡಕ್ಷರಪ್ಪನ ಹಣೆಯ ವಿಭೂತಿ, ಕೈಗಡಿಯಾರ, ಬೂಟು ಎಲ್ಲ ನೋಡಿದಳು. ಆಮೇಲೆ ಕಲ್ಲಿನ ಕಡೆ ಗದ್ದ ತೋರಿಸಿದಳು.

“ಈ ಕಲ್ಲಿನ ಕೆಳಗೆ ಇರೋದು ನನ್ನ ಗಂಡ ಸ್ವಾಮಿ. ಮಂಜಪ್ಪ.”

ಅವಳು ದನಿ ಏರಿಸಲಿಲ್ಲ. ಬಹಳ ಸಲ ಒಳಗೇ ಹೇಳಿಕೊಂಡು ಸವೆದ ಮಾತಿನಂತೆ ಅದು ಬಂತು.

ಮಂಜಪ್ಪ ಕಾವಡಿಯಲ್ಲಿ ಎರಡು ತಗಡಿನ ಡಬ್ಬ ಕಟ್ಟಿಕೊಂಡು ಕೆಳಗಿನ ಕೆರೆಯಿಂದ ಸಿಪಾಯಿಗಳಿಗೆ ನೀರು ಹೊರುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಪ್ಪತ್ತು ಸಲ ಇಳಿಯುತ್ತಿದ್ದ. ಬಿಸಿಲು ಜಾಸ್ತಿಯಾದರೆ ಮದ್ದುಮನೆಯ ಒಳಗಿನ ತಂಪಿನಲ್ಲಿ ಐದು ನಿಮಿಷ ಒರಗುತ್ತಿದ್ದ. ಬಾಗಿಲು ತೆರೆದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಸಿಡಿದ ಸದ್ದು ಕೇಳಿ ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿ ಬಂದಿದ್ದಳು. ಟಾರ್ಪಾಲಿನಲ್ಲಿ ಸುತ್ತಿ ಹೊತ್ತುಕೊಂಡು ಹೋಗುತ್ತಿದ್ದ ದೇಹದ ಒಂದು ಪಾದ ಹೊರಗಿತ್ತು. ಹಾವು ಕಚ್ಚಿ ಉಳಿದಾಗ ಅವಳೇ ಕಟ್ಟಿದ ತಾಮ್ರದ ತಾಯತ ಆ ಕಾಲಿನಲ್ಲಿತ್ತು. ಅವಳು ಕೂಗಿಕೊಂಡಳು.

“ಹವಾಲ್ದಾರ್ರು ಬಂದು ಬಾಯಿ ಮುಚ್ಚಿಸಿದ್ರು. ನಿನ್ನ ಗಂಡ ಹೇಳದೆ ಕೇಳದೆ ಓಡಿಹೋಗವ್ನೆ, ಇದು ಮಿಲಿಟರಿ ಇಚಾರ, ಮಾತಾಡಿದ್ರೆ ಜೈಲು ಅಂದ್ರು. ಮಗಾ ಸಣ್ಣದು. ನಾನು ಸುಮ್ಮಗಾದೆ.”

ಷಡಕ್ಷರಪ್ಪ ಕಲ್ಲಿನ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದ. ಮೇಜರು ಕೂಗಿದ ಹಾಜರಿ ಪಟ್ಟಿಯಲ್ಲಿ ನೀರು ಹೊರುವವನ ಹೆಸರು ಇರಲಿಲ್ಲ. ಇದ್ದಿದ್ದರೆ ಆ ದಿನ ಕಡಿಮೆ ಬೀಳುತ್ತಿದ್ದವರು ಇಬ್ಬರು. ಒಬ್ಬ ಸತ್ತಿದ್ದ, ಇನ್ನೊಬ್ಬ ಆ ಗದ್ದಲದಲ್ಲಿ ಗುಡ್ಡ ಇಳಿದು ಹೋದವನು, ತಾನು ಸತ್ತೆನೆಂದು ಸರ್ಕಾರವೇ ಬರೆದುಕೊಂಡ ಮೇಲೆ ಹಿಂದಿರುಗಿ ಬರುವ ಅಗತ್ಯ ಅವನಿಗೆ ಕಂಡಿರಲಿಲ್ಲ.

ಜಗದಾಂಬಾ ಮುದುಕಿಯ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು. 

“ಇದನ್ನ ನೀವು ಬೇರೆ ಯಾರಿಗಾದರೂ ಹೇಳಿದ್ರಾ ಕಾಳಮ್ಮ?” ಎಂದು ಷಡಕ್ಷರಪ್ಪ ಕೇಳಿದ.

“ಫೋಟೋದ ಅಯ್ನೋರಿಗೆ ಹೇಳಿದೆ. ಮೊದಲ್ನೇ ಸಲ ಬಂದಾಗ್ಲೇ ಕಲ್ಲು ನೋಡಾಕೆ ಅಂತ ಈ ಕಡೆ ಬಂದ್ರು. ಕೇಳಿದ್ರು. ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿದೆ.”

“ಮೊದಲ ಸಲ? ಎಷ್ಟು ಸಲ ಬಂದ್ರು?”

“ಎಲ್ಡು ಸಲ. ಶನಿವಾರ ಒಂದು. ಆಮ್ಯಾಕೆ ಬುಧವಾರ ಗಾಡಿ ಮಾಡ್ಕಂಡು ಬಂದು, ಹಟ್ಟಿಯಿಂದ ನನ್ನೂ ಹತ್ತಿಸ್ಕಂಡು ಬಂದ್ರು.”

ಶಿವರಾಮನ ಹೆಣ ಸಿಕ್ಕಿದ್ದು ಗುರುವಾರ ಬೆಳಿಗ್ಗೆ.

ಬುಧವಾರ ನಡೆದದ್ದನ್ನು ಕಾಳಮ್ಮ ಅವಸರವಿಲ್ಲದೆ ಹೇಳಿದಳು. ಶಿವರಾಮ ಇದೇ ಮರದ ಕೆಳಗೆ ಕೂತು ಅವಳು ಹೇಳಿದ್ದನ್ನೆಲ್ಲ ಎರಡು ಹಾಳೆಯ ತುಂಬ ಬರೆದ. ಓದಿ ಹೇಳಿದ. ಈ ಕಲ್ಲಿನ ಮೇಲೆ ನಿನ್ನ ಗಂಡನ ಹೆಸರು ಬರುವ ಹಾಗೆ ಮಾಡುತ್ತೇನೆ, ಇದನ್ನು ಡೆಪ್ಯುಟಿ ಕಮಿಷನರ್ ಕೈಗೇ ಕೊಡುತ್ತೇನೆ ಎಂದ. ಆಮೇಲೆ, ಬಂಕರಿನಲ್ಲಿ ಸಾಮಾನು ಒರೆಸುತ್ತಿದ್ದ ಭೂತಪ್ಪನನ್ನು ಕೂಗಿದ. ಭೂತಪ್ಪ ಬಂದು ಹಾಳೆ ಓದಿ ನೆಲದ ಮೇಲೆ ಕುಸಿದು ಕೂತುಬಿಟ್ಟನಂತೆ. ಅಷ್ಟು ದೊಡ್ಡ ಗಂಡಸು ಹಾಗೆ ಅತ್ತದ್ದನ್ನು ತಾನು ಕಂಡಿರಲಿಲ್ಲ, ಸಿಟ್ಟು ಬರಲೇ ಇಲ್ಲ ಎಂದಳು ಕಾಳಮ್ಮ.

ಹಾಗಾದರೆ ಭೂತಪ್ಪ ಒಳಗೆ ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಮುಚ್ಚಿಟ್ಟದ್ದು. ಅವನ ಅಳು ನಿಜವಾದರೆ ಅವನೇಕೆ ಶಿವರಾಮನನ್ನು ಕೊಲ್ಲಬೇಕು? ಕೊಲ್ಲದಿದ್ದರೆ ಬುಧವಾರವನ್ನು ಏಕೆ ಬಚ್ಚಿಡಬೇಕು?

“ಆ ಕಾಗದದ ಮೇಲೆ ಯಾರ್ಯಾರು ರುಜು ಮಾಡಿದ್ರು?”

“ನಂದು ಹೆಬ್ಬೆಟ್ಟು. ಫೋಟೋದ ಅಯ್ನೋರು ಒಂದು ಹಾಕಿದ್ರು. ಹವಾಲ್ದಾರ್ರು ಅತ್ಕಂಡೇ ಒಂದು ಹಾಕಿದ್ರು.” ಕಾಳಮ್ಮ ಕೈ ಒರೆಸಿಕೊಂಡು, ಆ ಕೈಯನ್ನು ಕಲ್ಲಿನ ತಲೆಯ ಮೇಲಿಟ್ಟಳು. “ಆಮ್ಯಾಕೆ ಇವರು ಹಾಕಿದ್ರು.”

“ಯಾರು?”

“ಇವರೇ ಸ್ವಾಮಿ. ಇದರ ಮ್ಯಾಲೆ ಹೆಸರೈತಲ್ಲ, ಆ ಸ್ವಾಮೇರು. ಗಾಡಿನಾಗೆ ಅವರೂ ಬಂದಿದ್ರು. ಕೂದಲು ನರೆತೈತೆ. ಈ ಕಲ್ಲಿನ ಮ್ಯಾಲೇ ಕಾಗದ ಇಟ್ಕಂಡು ಬರ್ದ್ರು, ಎಡಗೈನಾಗೆ.”

ಜಗದಾಂಬಾ ರೊಟ್ಟಿಯ ಡಬ್ಬಿ ಮುಚ್ಚಲು ಹೋದವಳು ಹಾಗೇ ಹಿಡಿದುಕೊಂಡಳು. ಮತ್ತಿಮರದಲ್ಲಿ ಒಂದು ಕುಟ್ರು ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು.

“ಆ ಕಾಗದ ಈಗ ಯಾರ ಹತ್ರ ಇದೆ?”

“ಹವಾಲ್ದಾರ್ರ ಹತ್ರ. ಸೋಮವಾರ ಎಲ್ಲಾ ಸೇರಿ ಶಿವಮೊಗ್ಗಕ್ಕೆ ಹೋಗಿ ಕೊಡಾನ, ಅಲ್ಲೀಗಂಟ ಇಲ್ಲೇ ಇರಲಿ ಅಂದ್ರು. ಆ ಸೋಮವಾರ ಯಾರೂ ಬರಲಿಲ್ಲ ಸ್ವಾಮಿ. ನಾನು ಸಂಜೆಗಂಟ ಕೂತಿದ್ದೆ.”

ಷಡಕ್ಷರಪ್ಪ ಎದ್ದ. ಅಷ್ಟರಲ್ಲಿ ಬಂಕರಿನ ಆಚೆ ಬದಿಯಿಂದ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ಬಂತು, ಅದರ ಹಿಂದೆಯೇ ಅಗುಳಿ ಬಿದ್ದ ಸದ್ದು. ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿದ್ದರು.

“ರೀ,” ಎಂದಳು ಜಗದಾಂಬಾ ಮೆಲ್ಲಗೆ. “ಹೊಗೆ ನೋಡಿ.”

ಕಾಂಕ್ರೀಟಿನ ಮೇಲ್ಗಡೆಯ ಗಾಳಿಕಂಡಿಯಿಂದ ತೆಳ್ಳನೆಯ ಬಿಳಿ ಹೊಗೆ ಏಳುತ್ತಿತ್ತು. ಅವನು ಮೊಣಕಾಲು ಹಿಡಿದುಕೊಂಡೇ ದಿಬ್ಬ ಹತ್ತಿ, ಬಂಕರನ್ನು ಬಳಸಿ ಓಡಿದ. ಸುಡುತ್ತಿರುವುದು ಕಾಗದವೆಂದು ಹತ್ತು ಹೆಜ್ಜೆ ದೂರದಲ್ಲೇ ವಾಸನೆಯಿಂದ ತಿಳಿಯಿತು. ಬಾಗಿಲು ಬಡಿಯಲು ಕೈ ಎತ್ತಿದವನು, ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ಕಬ್ಬಿಣಕ್ಕೆ ಕಿವಿ ಹಚ್ಚಿದ.

ಒಳಗೆ ಭೂತಪ್ಪ ಯಾರನ್ನೋ ಬೇಡಿಕೊಳ್ಳುತ್ತಿದ್ದ. ಉತ್ತರ ಕೊಡುತ್ತಿದ್ದದ್ದು ಒಂದು ಹೆಂಗಸಿನ ದನಿ. ಆ ದನಿಯನ್ನು ಷಡಕ್ಷರಪ್ಪ ತನ್ನ ಮನೆಯ ಜಗುಲಿಯಲ್ಲಿ ಕೇಳಿದ್ದ. ಅದು ಸೀತಾಳ ದನಿ.